ಉಚಿತ ಬೇರೆ, ಮುಕ್ತ ಬೇರೆ: ವಿಂಡೋಸ್ 10ರ ನಂತರ ಕರಾವಳಿಯ ಕಚೇರಿಗಳ ಮುಂದಿರುವ ಪ್ರಶ್ನೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ಆ ದಿನ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿಯೂ ಉಡುಪಿಯ ಸಹಕಾರ ಸಂಘಗಳ ಕೌಂಟರುಗಳಲ್ಲಿಯೂ ಅದೇ ಹಳೆಯ ಯಂತ್ರಗಳು ಎಂದಿನಂತೆ ಕೆಲಸ ಆರಂಭಿಸಿದವು. ನಿಂತುಹೋದದ್ದು ಕಣ್ಣಿಗೆ ಬೀಳದ ಒಂದು ಸೇವೆ, ಅಂದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ತಿಂಗಳು ತಿಂಗಳು ಮುಚ್ಚುತ್ತಿದ್ದ ಉಚಿತ ಅಪ್‌ಡೇಟ್.

ಅಂದಿನಿಂದ ಸಣ್ಣ ಕಚೇರಿಗಳಿಗೆ ಬರುತ್ತಿರುವ ಸಲಹೆಗಳು ಒಂದಕ್ಕೊಂದು ಹೊಂದುವುದಿಲ್ಲ. ವಿಂಡೋಸ್ 11 ಹಾಕಿಸಿಕೊಳ್ಳಿ ಎನ್ನುವವರಿದ್ದಾರೆ; ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನದಾದರೆ ಎಂಟನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕಾಗಿರುವುದರಿಂದ, 2017ಕ್ಕೆ ಮುಂಚೆ ಕೊಂಡ ಯಂತ್ರಗಳ ಬಹುಪಾಲು ಅನರ್ಹವಾಗುತ್ತವೆ. ಹಣ ಕೊಟ್ಟು ಅಪ್‌ಡೇಟ್ ಮುಂದುವರಿಸಿ ಎನ್ನುವವರಿದ್ದಾರೆ. ಸಂಸ್ಥೆಗಳಿಗೆ ಅದರ ದರ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷವೂ ಇಮ್ಮಡಿ, ಗರಿಷ್ಠ ಮೂರು ವರ್ಷ. ಇವೆಲ್ಲ ಏಕೆ, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಒಂದು ರೂಪಾಯಿಯೂ ಬೇಡ ಎನ್ನುವವರೂ ಇದ್ದಾರೆ. ಅದೇ ತಿಂಗಳುಗಳಲ್ಲಿ ಕೇಂದ್ರದ ಸಚಿವರು ಜೋಹೋ ತಂತ್ರಾಂಶಕ್ಕೆ ಬದಲಾಗುತ್ತಿರುವುದಾಗಿ ಹೇಳಿದ್ದರಿಂದ ಸ್ವದೇಶಿಯ ಮಾತೂ ಇದರೊಳಗೆ ಸೇರಿಕೊಂಡಿತು.

ಲಿನಕ್ಸ್ ಅಷ್ಟು ಒಳ್ಳೆಯದಾಗಿದ್ದು ಬಿಟ್ಟಿಯಾಗಿಯೂ ಸಿಗುವುದಾದರೆ ಇಷ್ಟು ವರ್ಷ ನಮ್ಮ ಕಚೇರಿಗಳು ಅದನ್ನು ಏಕೆ ಮುಟ್ಟಲಿಲ್ಲ ಎಂಬುದು ಓದುಗರು ಸಹಜವಾಗಿಯೇ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ಮುಕ್ತ ತಂತ್ರಾಂಶವನ್ನು ಬರೆಯುವವರ, ಕಾಪಾಡುವವರ ಮತ್ತು ಬಳಕೆಗೆ ತರುವವರ ಕಷ್ಟಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ, ಏಕೆಂದರೆ ಒಂದರ ಕೊರತೆ ಇನ್ನೊಂದರಲ್ಲಿ ಹೋಗಿ ಕಾಣಿಸಿಕೊಳ್ಳುತ್ತದೆ.

ಬೆರೆತುಹೋದ ಮೂರು ಪದಗಳು

ಉಚಿತ, ಸ್ವದೇಶಿ, ಮುಕ್ತ ಎಂಬ ಮೂರು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ವಾಟ್ಸ್ಯಾಪ್ ಉಚಿತ, ಆದರೆ ಮುಕ್ತವಲ್ಲ. ಅದರ ಒಳಗೆ ಏನಿದೆ ಎಂದು ನೋಡುವ ಹಕ್ಕು ಬಳಸುವವರಿಗೆ ಇಲ್ಲ. ಜೋಹೋ ಕಚೇರಿ ತಂತ್ರಾಂಶವು ಭಾರತದ ಕಂಪನಿಯದು, ಆದ್ದರಿಂದ ಸ್ವದೇಶಿ. ಅದೂ ಮುಕ್ತ ತಂತ್ರಾಂಶವಲ್ಲ. ಲಿನಕ್ಸ್ ಯಾವ ಒಂದು ದೇಶದ್ದೂ ಅಲ್ಲ, ಅದನ್ನು ಹಣಕ್ಕೆ ಮಾರಲೂಬಹುದು; ಆದರೂ ಅದು ಮುಕ್ತ. ತಂತ್ರಾಂಶದ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ನೋಡುವ, ತಿದ್ದುವ, ಪ್ರತಿ ಮಾಡಿ ಹಂಚುವ ಹಕ್ಕನ್ನು ಬಳಕೆದಾರನಿಗೆ ಬರಹದಲ್ಲಿಯೇ ಕೊಟ್ಟಿದ್ದರೆ ಅದು ಮುಕ್ತ ತಂತ್ರಾಂಶ. 1983ರಲ್ಲಿ ಅಮೆರಿಕದ ತಂತ್ರಾಂಶ ತಜ್ಞ ರಿಚರ್ಡ್ ಸ್ಟಾಲ್ಮನ್ ಅವರು ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದಾಗ ಮುಂದಿಟ್ಟದ್ದು ಈ ಹಕ್ಕಿನ ಪ್ರಶ್ನೆಯನ್ನೇ ಹೊರತು ಬೆಲೆಯ ಪ್ರಶ್ನೆಯನ್ನಲ್ಲ.

ಈ ವ್ಯತ್ಯಾಸವು ಕಚೇರಿಯ ಮಟ್ಟದಲ್ಲಿ ಬಹಳ ವ್ಯಾವಹಾರಿಕವಾದದ್ದು. ಮುಕ್ತವಲ್ಲದ ತಂತ್ರಾಂಶವನ್ನು ಅದರ ಒಡೆಯರು ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು. ವಿಂಡೋಸ್ 10ರಲ್ಲಿ ಆದದ್ದು ಅದೇ. ಮುಕ್ತ ತಂತ್ರಾಂಶವನ್ನು ಒಬ್ಬರು ಕೈಬಿಟ್ಟರೂ ಇನ್ನೊಬ್ಬರು ಎತ್ತಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೆ ಎತ್ತಿಕೊಳ್ಳುವ ಹಕ್ಕು ಇದೆ ಎಂದ ಮಾತ್ರಕ್ಕೆ ಎತ್ತಿಕೊಳ್ಳುವವರು ಇದ್ದೇ ಇರುತ್ತಾರೆ ಎಂದಲ್ಲ. ಮುಕ್ತ ತಂತ್ರಾಂಶದ ಇಂದಿನ ಸಂಕಟಗಳು ಬಹುತೇಕ ಈ ಅಂತರದಿಂದಲೇ ಹುಟ್ಟಿವೆ.

ಹಂಚಿಕೊಳ್ಳುವ ಈ ಮನೋಧರ್ಮ ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು, ಶುಲ್ಕ ಪಡೆಯದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಅವರ ಕೀಲಿಮಣೆ ವಿನ್ಯಾಸವೇ ಮುಂದೆ ರಾಜ್ಯದಲ್ಲಿ ರೂಢಿಯಾದ ನುಡಿ ಕೀಲಿಮಣೆಗೆ ಆಧಾರವಾಯಿತು. ಇಂದು ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡುವ ಬೆರಳುಗಳು ಓಡಾಡುವುದು ಬಹುಮಟ್ಟಿಗೆ ಆ ದಾರಿಯಲ್ಲಿಯೇ.

ಬೇಡವೆಂದರೂ ಒಳಗಿರುವ ತಂತ್ರಾಂಶ

ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಳ್ಳಬೇಕೇ ಎಂಬ ಪ್ರಶ್ನೆಯಲ್ಲಿಯೇ ಒಂದು ತಪ್ಪು ಗ್ರಹಿಕೆ ಇದೆ. ಅದನ್ನು ನಾವು ಆಗಲೇ ಅಳವಡಿಸಿಕೊಂಡಾಗಿದೆ. ಆ್ಯಂಡ್ರಾಯ್ಡ್ ಫೋನುಗಳ ತಳದಲ್ಲಿರುವುದು ಲಿನಕ್ಸ್. ಆಧಾರ್ ವ್ಯವಸ್ಥೆಯನ್ನು ಕಟ್ಟುವಾಗ ಮುಕ್ತ ತಂತ್ರಾಂಶಗಳನ್ನು ವ್ಯಾಪಕವಾಗಿ ಬಳಸಲಾಯಿತು. ಸಿನಾಪ್ಸಿಸ್ ಕಂಪನಿಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದು ಪರಿಶೀಲಿಸಿದ ವಾಣಿಜ್ಯ ತಂತ್ರಾಂಶಗಳ ಪೈಕಿ ಶೇ. 96ರಲ್ಲಿ ಮುಕ್ತ ತಂತ್ರಾಂಶದ ಭಾಗಗಳಿದ್ದವು. ಅಂದರೆ ಹಣ ಕೊಟ್ಟು ಕೊಂಡ ತಂತ್ರಾಂಶದ ಒಳಗೂ ಇರುವುದು ಅದೇ.

ಕನ್ನಡದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘ಸೂರ್ಯ’ ಎಂದು ಬರೆದಾಗ ರಕಾರವು ಅರ್ಕಾವೊತ್ತಾಗಿ ಯಕಾರದ ಆಚೆ ಹೋಗಿ ನಿಲ್ಲಬೇಕು. ‘ರ‍್ಯಾಂಕ್’ ಎಂದು ಬರೆದಾಗ ಅದೇ ರಕಾರವು ತನ್ನ ಸ್ಥಾನದಲ್ಲಿಯೇ ಉಳಿದು, ಯಕಾರವು ಒತ್ತಕ್ಷರವಾಗಿ ಅದರ ಕೆಳಗೆ ಸೇರಬೇಕು. ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎರಡು ಕಡೆಯೂ ಇರುವುದು ರ, ಹಲಂತ, ಯ ಎಂಬ ಮೂರೇ ಸಂಕೇತಗಳು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ನಡುವೆ ಹೆಚ್ಚಾಗಿ ಕುಳಿತಿರುತ್ತದೆ, ಅಷ್ಟೆ. ಈ ಸಾಲನ್ನು ಓದಿ, ಯಾವ ಅಕ್ಷರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿ, ಪರದೆಯ ಮೇಲೆ ಜೋಡಿಸುವ ಕೆಲಸವನ್ನು ಆ್ಯಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಕಚೇರಿ ಕೆಲಸದ ಲಿಬ್ರೆ ಆಫೀಸ್ ಇವೆಲ್ಲದರಲ್ಲಿಯೂ ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶ. ಅದರಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ದೋಷ ನುಸುಳಿದರೆ ಕೋಟ್ಯಂತರ ಫೋನುಗಳಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅದರ ಹೆಸರನ್ನು ಕೇಳಿದ ಕನ್ನಡಿಗರು ಎಷ್ಟು ಮಂದಿ? ಅದನ್ನು ನೋಡಿಕೊಳ್ಳುತ್ತಿರುವವರು ಕೆಲವೇ ಮಂದಿ, ಮತ್ತು ಅವರ ದಿನಚರಿಯಲ್ಲಿ ಕನ್ನಡವು ನೂರಾರು ಭಾಷೆಗಳಲ್ಲಿ ಒಂದು.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ 2024ರಲ್ಲಿ ಹೊರಬಂದ ಅಧ್ಯಯನವೊಂದು ಈ ಅಸಮತೋಲವನ್ನು ಹಣದ ಲೆಕ್ಕದಲ್ಲಿ ಹೇಳಿತು. ವ್ಯಾಪಕ ಬಳಕೆಯಲ್ಲಿರುವ ಮುಕ್ತ ತಂತ್ರಾಂಶವನ್ನು ಒಮ್ಮೆ ಹೊಸದಾಗಿ ಬರೆಯಲು ತಗಲುವ ವೆಚ್ಚ ಸುಮಾರು 415 ಕೋಟಿ ಡಾಲರ್; ಅದು ಇಲ್ಲದೆ ಪ್ರತಿಯೊಂದು ಸಂಸ್ಥೆಯೂ ತನಗೆ ಬೇಕಾದುದನ್ನು ತಾನೇ ಬರೆದುಕೊಳ್ಳಬೇಕಾಗಿ ಬಂದರೆ ತಗಲುವ ವೆಚ್ಚ ಸುಮಾರು 8.8 ಲಕ್ಷ ಕೋಟಿ ಡಾಲರ್. ಈ ಎರಡು ಅಂಕಿಗಳ ನಡುವಿನ ಲಾಭವನ್ನು ಜಗತ್ತು ಪಡೆಯುತ್ತಿದೆ. ಅದರ ಅತಿ ಸಣ್ಣ ಪಾಲು ಮಾತ್ರ ಬರೆದವರ ಕಡೆಗೆ ಮರಳುತ್ತಿದೆ.

ಕಟ್ಟ ಕಟ್ಟುವವರು ಯಾರು

ದಕ್ಷಿಣ ಕನ್ನಡದ ಅಡಿಕೆ ತೋಟದವರಿಗೆ ‘ಕಟ್ಟ’ ಗೊತ್ತು. ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟುವ ಈ ತಾತ್ಕಾಲಿಕ ತಡೆಯಿಂದ ಸುತ್ತಲಿನ ಎಲ್ಲ ತೋಟಗಳ ಬಾವಿಗಳಲ್ಲಿ ನೀರೇರುತ್ತದೆ, ಮತ್ತು ಮರುವರ್ಷ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ. ತಂತ್ರಾಂಶವೂ ಹೀಗೆಯೇ. ಒಮ್ಮೆ ಬರೆದು ಇಟ್ಟುಬಿಡುವಂಥದ್ದಲ್ಲ. ಅದು ಅವಲಂಬಿಸಿರುವ ಇತರ ತಂತ್ರಾಂಶಗಳು ಬದಲಾಗುತ್ತವೆ, ಹೊಸ ಯಂತ್ರಗಳು ಬರುತ್ತವೆ, ಹೊಸ ಲೋಪಗಳು ಪತ್ತೆಯಾಗುತ್ತವೆ. ಕೆಲಸಕ್ಕೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ನೀರು ಬಳಸುವವರು ಹೆಚ್ಚುತ್ತ ಹೋದರೆ ಕಟ್ಟದ ಗತಿ ಏನಾಗುತ್ತದೆಯೋ ಅದೇ ಮುಕ್ತ ತಂತ್ರಾಂಶದಲ್ಲಿಯೂ ಆಗುತ್ತಿದೆ.

2014ರ ಏಪ್ರಿಲ್‌ನಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಲೋಪ ಪತ್ತೆಯಾದಾಗ ಇದು ಮೊದಲ ಬಾರಿಗೆ ಸಾರ್ವಜನಿಕರ ಗಮನಕ್ಕೆ ಬಂತು. ಅಂತರ್ಜಾಲದ ಬ್ಯಾಂಕಿಂಗ್ ಮತ್ತು ಖರೀದಿಯ ಗೋಪ್ಯತೆಯನ್ನು ಕಾಯುವ ಈ ತಂತ್ರಾಂಶವನ್ನು ಪೂರ್ಣಾವಧಿಯಲ್ಲಿ ನೋಡಿಕೊಳ್ಳುತ್ತಿದ್ದವರು ಆಗ ಒಬ್ಬರೇ; ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್.

ಹತ್ತು ವರ್ಷಗಳ ನಂತರ ನಡೆದ ಇನ್ನೊಂದು ಘಟನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಕ್ತ ತಂತ್ರಾಂಶದ ಬಲ ಮತ್ತು ದೌರ್ಬಲ್ಯ ಎರಡೂ ಅದರಲ್ಲಿ ಒಂದೇ ಕಡೆ ಕಾಣುತ್ತವೆ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಾಧಾರಣ ತಂತ್ರಾಂಶ. ಲಿನಕ್ಸ್ ಸರ್ವರ್‌ಗಳಲ್ಲಿ ಅದು ಇಲ್ಲದ ಕಡೆ ಕಡಿಮೆ. ಅದನ್ನು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಫಿನ್‌ಲ್ಯಾಂಡಿನ ಲಾಸ್ಸೆ ಕೊಲಿನ್. 2021ರಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಬಂದು ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದರು. 2022ರಲ್ಲಿ ಅಪರಿಚಿತ ಹೆಸರುಗಳಿಂದ ಕೊಲಿನ್ ಅವರಿಗೆ ಒತ್ತಡದ ಪತ್ರಗಳು ಬಂದವು: ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಜವಾಬ್ದಾರಿ ಒಪ್ಪಿಸಿ. ತಮಗೆ ಬಹುಕಾಲದಿಂದ ಮಾನಸಿಕ ಅನಾರೋಗ್ಯವಿದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ಮರೆಯಬಾರದು ಎಂದು ಅವರು ಉತ್ತರಿಸಿದರು. ಕೊನೆಗೆ, ಸಹಾಯಕ್ಕೆಂದು ಬಂದಿದ್ದ ಆ ಅಪರಿಚಿತ ವ್ಯಕ್ತಿಯ ಕೈಗೇ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಬಂತು. 2024ರಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಸರ್ವರ್‌ಗಳ ಒಳಗೆ ಕದ್ದು ನುಗ್ಗಲು ಅನುವಾಗುವ ಹಿಂಬಾಗಿಲನ್ನು ಅಡಗಿಸಿಡಲಾಗಿತ್ತು.

ಅದು ಸಿಕ್ಕಿಬಿದ್ದ ಬಗೆ ಆಶ್ಚರ್ಯಕರವಾದದ್ದು. ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ಎಂಬವರು ಪೋಸ್ಟ್‌ಗ್ರೆಸ್ ಎಂಬ ಮುಕ್ತ ದತ್ತಾಂಶ ತಂತ್ರಾಂಶದ ವೇಗವನ್ನು ಅಳೆಯುತ್ತಿದ್ದಾಗ, ಯಂತ್ರಕ್ಕೆ ದೂರದಿಂದ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದ ಅವರು 2024ರ ಮಾರ್ಚ್ 29ರಂದು ಹಿಂಬಾಗಿಲನ್ನು ಬಹಿರಂಗಪಡಿಸಿದರು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಅದು ಜಗತ್ತಿನ ಹಲವು ಪ್ರಮುಖ ಲಿನಕ್ಸ್ ಆವೃತ್ತಿಗಳನ್ನು ಹೊಕ್ಕಿರಬಹುದಿತ್ತು.

ಈ ಘಟನೆಯನ್ನು ಎರಡು ಕಡೆಯವರೂ ತಮ್ಮ ವಾದಕ್ಕೆ ಬಳಸುತ್ತಾರೆ. ಯಾರು ಬೇಕಾದರೂ ಒಳಗೆ ಬರಬಹುದಾದ ವ್ಯವಸ್ಥೆಯನ್ನು ನಂಬುವುದು ಹೇಗೆ ಎಂದು ಒಬ್ಬರು ಕೇಳಿದರೆ, ಕೋಡ್ ತೆರೆದಿದ್ದುದರಿಂದಲೇ ಹೊರಗಿನ ಒಬ್ಬರು ಅದನ್ನು ಬಗೆದು ನೋಡಲು ಸಾಧ್ಯವಾಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡನೆಯ ಮಾತಿನಲ್ಲಿ ಹೆಚ್ಚಿನ ಸತ್ಯವಿದೆ ಎಂಬುದು ಈ ಲೇಖನದ ಅಭಿಪ್ರಾಯ. ಮುಚ್ಚಿದ ತಂತ್ರಾಂಶದಲ್ಲಿ ಆ ಅರ್ಧ ಸೆಕೆಂಡಿನ ಕಾರಣ ಹುಡುಕುವ ದಾರಿಯೇ ಇರುತ್ತಿರಲಿಲ್ಲ. ಆದರೆ ತೆರೆದಿರುವುದೊಂದೇ ಕಾಪಾಡಲಿಲ್ಲ ಎಂಬುದನ್ನೂ ಒಪ್ಪಬೇಕು. ದುರುದ್ದೇಶದ ಕೋಡನ್ನು ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಅಡಗಿಸಿದ್ದರಿಂದ ವಾರಗಟ್ಟಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ದಾಳಿಗೆ ದಾರಿಯಾದದ್ದು ಕೋಡಿನ ದೋಷವಲ್ಲ; ಒಬ್ಬಂಟಿಯಾಗಿ ದಣಿದಿದ್ದ ಒಬ್ಬ ನಿರ್ವಾಹಕರ ಸ್ಥಿತಿ.

ಈಚೆಗೆ ಈ ದಣಿವಿಗೆ ಇನ್ನೊಂದು ಕಾರಣ ಸೇರಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಸಿದ, ನೋಡಲು ಗಂಭೀರವಾಗಿ ಕಾಣುವ, ಒಳಗೆ ಹುರುಳಿಲ್ಲದ ಲೋಪವರದಿಗಳು ನಿರ್ವಾಹಕರ ಮೇಲೆ ಬಂದು ಬೀಳುತ್ತಿವೆ. ಕರ್ಲ್ ಎಂಬ ಬಹುಬಳಕೆಯ ತಂತ್ರಾಂಶವನ್ನು ನಡೆಸುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಇದರ ಬಗ್ಗೆ 2025ರಲ್ಲಿ ಬಹಿರಂಗವಾಗಿ ದೂರಿದ್ದಾರೆ. ಸುಳ್ಳು ವರದಿಯೊಂದನ್ನು ಸೃಷ್ಟಿಸಲು ನಿಮಿಷ ಸಾಕು. ಅದು ಸುಳ್ಳೆಂದು ಖಚಿತಪಡಿಸಿಕೊಳ್ಳಲು ಅನುಭವಿಯೊಬ್ಬರ ಗಂಟೆಗಳೇ ಹೋಗಬಹುದು.

ಹಣ ಬರುವ ದಾರಿ, ಬಾಗಿಲು ಮುಚ್ಚುವ ದಾರಿ

ಹಾಗಾದರೆ ಬರೆದವರು ಹಣ ಪಡೆಯಲಿ ಎನ್ನಬಹುದು. ಕೆಲವು ಕಂಪನಿಗಳು ಆ ಪ್ರಯತ್ನದಲ್ಲಿ ಪರವಾನಗಿಯನ್ನೇ ಬದಲಿಸಿದವು. ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ತಂತ್ರಾಂಶವನ್ನು ಸೇವೆಯಾಗಿ ಮಾರಿ ಲಾಭ ಮಾಡುತ್ತವೆ, ತಮಗೆ ಏನನ್ನೂ ಮರಳಿಸುವುದಿಲ್ಲ ಎಂಬುದು ಅವುಗಳ ದೂರು. ಅದು ಪೂರ್ತಿ ಅನ್ಯಾಯದ ದೂರೂ ಅಲ್ಲ. ಸರ್ವರ್‌ಗಳಿಗೆ ತಂತ್ರಾಂಶ ಮಾಡುವ ಕಂಪನಿಗಳಾದ ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ, ರೆಡಿಸ್ 2024ರ ಮಾರ್ಚ್‌ನಲ್ಲಿ ಮುಕ್ತ ಪರವಾನಗಿಯಿಂದ ಹೊರನಡೆದವು. ಪರಿಣಾಮವಾಗಿ ಬಳಕೆದಾರರು ಹಳೆಯ ಮುಕ್ತ ಪ್ರತಿಗಳನ್ನು ಹಿಡಿದು ಓಪನ್ ಟೋಫು ಮತ್ತು ವಾಲ್ಕೀ ಎಂಬ ಕವಲುಗಳನ್ನು ಆರಂಭಿಸಿದರು. ರೆಡಿಸ್ 2025ರ ಮೇ ತಿಂಗಳಲ್ಲಿ ಮತ್ತೆ ಒಂದು ಮುಕ್ತ ಪರವಾನಗಿಗೆ ಮರಳಿತು. ಬಳಸುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಒಂದೇ ಕಂಪನಿಯ ಹಿಡಿತದಲ್ಲಿರುವ ಮುಕ್ತ ತಂತ್ರಾಂಶಕ್ಕೂ, ಹಲವರು ಸೇರಿ ಪ್ರತಿಷ್ಠಾನದಡಿ ನಡೆಸುವ ಮುಕ್ತ ತಂತ್ರಾಂಶಕ್ಕೂ ಭರವಸೆಯಲ್ಲಿ ವ್ಯತ್ಯಾಸವಿದೆ.

ದೇಣಿಗೆಯ ದಾರಿಯಲ್ಲಿ ನಮ್ಮ ದೇಶದಿಂದಲೇ ಗಮನಾರ್ಹ ಪ್ರಯತ್ನವೊಂದು ನಡೆದಿದೆ. ಬೆಂಗಳೂರಿನ ಜೆರೋಧಾ ಕಂಪನಿಯು 2024ರ ಅಕ್ಟೋಬರ್‌ನಲ್ಲಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು ಘೋಷಿಸಿತು. ಬಳಸಿ ಬೆಳೆದ ಕಂಪನಿಗಳು ಮರಳಿಸುವ ಈ ಪರಿಪಾಠ ನಮ್ಮಲ್ಲಿ ಇನ್ನೂ ಅಪರೂಪವೇ.

ನಿಯಮಗಳ ಒತ್ತಡ ಇನ್ನೊಂದು ದಿಕ್ಕಿನಿಂದ ಬರುತ್ತಿದೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದಲ್ಲಿ ಗಂಭೀರ ಲೋಪ ಪತ್ತೆಯಾದಾಗ, ಅದು ತಮ್ಮ ವ್ಯವಸ್ಥೆಯಲ್ಲಿ ಇದೆಯೋ ಇಲ್ಲವೋ ಎಂದು ಹೇಳಲು ಸಂಸ್ಥೆಗಳಿಗೆ ಆಗಲಿಲ್ಲ. ಏಕೆಂದರೆ ತಾವು ಕೊಂಡ ತಂತ್ರಾಂಶದೊಳಗೆ ಯಾವ ಯಾವ ಭಾಗಗಳಿವೆ ಎಂಬ ಪಟ್ಟಿಯೇ ಅವರ ಬಳಿ ಇರಲಿಲ್ಲ. ಮುಂದೆ, ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ಎಸ್‌ಬಿಒಎಂ, ಅಂದರೆ ತಂತ್ರಾಂಶದ ಘಟಕಗಳ ಪಟ್ಟಿ, ಹೇಗಿರಬೇಕೆಂಬ ಮಾರ್ಗಸೂಚಿಯನ್ನು ಹೊರಡಿಸಿತು. ತಂತ್ರಾಂಶದ ಭದ್ರತೆಗೆ ತಯಾರಕರನ್ನು ಹೊಣೆಯಾಗಿಸುವ ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಲೋಪಗಳನ್ನು ವರದಿ ಮಾಡುವ ಹೊಣೆ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಮಂಗಳೂರು, ಮಣಿಪಾಲಗಳಲ್ಲಿ ಕುಳಿತು ಯುರೋಪಿನ ಗ್ರಾಹಕರಿಗೆ ತಂತ್ರಾಂಶ ಮಾಡಿಕೊಡುವ ಸಣ್ಣ ಕಂಪನಿಗಳಿಗೆ ಇದು ದೂರದ ಸುದ್ದಿಯಲ್ಲ. ಗ್ರಾಹಕರು ಘಟಕಗಳ ಪಟ್ಟಿಯನ್ನು ಕೇಳತೊಡಗಿದಾಗ, ಎಲ್ಲಿಂದಲೋ ಎತ್ತಿ ಸೇರಿಸಿದ ಭಾಗಗಳಿಗೆಲ್ಲ ಉತ್ತರ ಹೇಳಬೇಕಾದವರು ಅವರೇ.

ಒಂದು ಸಹಕಾರ ಸಂಘದ ಮೇಜು

ಇನ್ನು ಅಳವಡಿಕೆಯ ಮಾತು. ಉಡುಪಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹತ್ತು ಕಂಪ್ಯೂಟರುಗಳಿರುವ ಸಹಕಾರ ಸಂಘವನ್ನು ಊಹಿಸಿಕೊಳ್ಳೋಣ. ಆಡಳಿತ ಮಂಡಳಿಯು ಲಿನಕ್ಸ್‌ಗೆ ಹೋಗಲು ಮನಸ್ಸು ಮಾಡಿದರೆ ಮೊದಲ ವಾರದಲ್ಲಿಯೇ ಏನೇನು ಎದುರಾಗುತ್ತದೆ?

ಲೆಕ್ಕಪತ್ರಕ್ಕೆ ಬಳಸುವ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಪಾಸ್‌ಬುಕ್ ಮುದ್ರಿಸುವ ಪ್ರಿಂಟರನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ತಂತ್ರಾಂಶ ಕೂಡ ಸಾಮಾನ್ಯವಾಗಿ ವಿಂಡೋಸ್‌ಗೆ ಬರೆದದ್ದೇ. ಡಿಜಿಟಲ್ ಸಹಿಯ ಟೋಕನ್ ಪೆನ್‌ಡ್ರೈವಿನಂತೆ ಕಂಡರೂ ಅದು ಕೆಲಸ ಮಾಡಲು ಪ್ರತ್ಯೇಕ ತಂತ್ರಾಂಶ ಬೇಕು. ತಯಾರಕರು ಲಿನಕ್ಸ್‌ಗೆ ಅದನ್ನು ಒದಗಿಸಿದ್ದರೂ, ಹಾಕಿ ಕೊಡಬಲ್ಲ ತಂತ್ರಜ್ಞ ಹತ್ತಿರದ ಪೇಟೆಯಲ್ಲಿ ಸಿಗುವುದು ಸುಲಭವಲ್ಲ. ಈ ಮೂರರಲ್ಲಿ ಯಾವುದೊಂದೂ ಲಿನಕ್ಸ್‌ನ ದೋಷವಲ್ಲ. ಬಳಸುವವರು ಕಡಿಮೆ ಇರುವುದರಿಂದ ತಯಾರಕರು ಗಮನ ಕೊಡುವುದಿಲ್ಲ, ತಯಾರಕರು ಗಮನ ಕೊಡದಿರುವುದರಿಂದ ಬಳಸುವವರು ಹೆಚ್ಚುವುದಿಲ್ಲ. ಈ ಸುಳಿಯಿಂದ ಒಂಟಿಯಾಗಿ ಹೊರಬರುವುದು ಒಂದು ಸಣ್ಣ ಸಂಘಕ್ಕೆ ಅಸಾಧ್ಯ.

ನಾಲ್ಕನೆಯ ಅಡ್ಡಿ ಕನ್ನಡದ್ದೇ. ಸಂಘದ ಹಳೆಯ ನಡಾವಳಿಗಳು, ನೋಟೀಸುಗಳು, ಸದಸ್ಯರ ಪಟ್ಟಿಗಳು ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಇರುತ್ತವೆ. ಆ ಫಾಂಟುಗಳಲ್ಲಿ ಕಂಪ್ಯೂಟರು ನೆನಪಿಟ್ಟುಕೊಂಡಿರುವುದು ಕನ್ನಡ ಅಕ್ಷರಗಳನ್ನಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳನ್ನು. ಫಾಂಟು ಅವುಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಿ ತೋರಿಸುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಇಪ್ಪತ್ತು ವರ್ಷಗಳ ನಡಾವಳಿ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತದೆ. ನೋಡಿದವರು ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ನಿಜದಲ್ಲಿ ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಬರುತ್ತದೆ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯೂ ಅದರಲ್ಲಿದೆ; ಬರದಿರುವುದು ಹಿಂದೆ ಕನ್ನಡವನ್ನು ಕನ್ನಡವಾಗಿ ಉಳಿಸಿಡದ ಕಡತಗಳು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಆದರೆ ಪರಿವರ್ತನೆಯಾದ ಪ್ರತಿ ಪುಟವನ್ನು ಓದಿ, ಹೆಸರು ಮತ್ತು ಮೊತ್ತಗಳನ್ನು ತಾಳೆ ನೋಡುವ ಗುಮಾಸ್ತರ ತಿಂಗಳುಗಳ ದುಡಿಮೆಯನ್ನು ಯಾವ ಸಾಧನವೂ ಉಳಿಸುವುದಿಲ್ಲ. ಇದು ಲಿನಕ್ಸ್‌ಗೆ ಹೋಗದಿದ್ದರೂ ಎಂದಾದರೊಂದು ದಿನ ಮಾಡಲೇಬೇಕಾದ ಕೆಲಸ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ವಿರೋಧಿಸುವವರ ವಾದಕ್ಕೆ ಇಲ್ಲಿ ತೂಕವಿದೆ. ಪರವಾನಗಿಯಲ್ಲಿ ಉಳಿದ ಹಣ ತರಬೇತಿ, ಪರಿವರ್ತನೆ ಮತ್ತು ದುರಸ್ತಿಯಲ್ಲಿ ಖರ್ಚಾಗುತ್ತದೆ, ಹಾಗಾದರೆ ಲಾಭವೇನು ಎಂದು ಅವರು ಕೇಳುತ್ತಾರೆ. ಪರವಾಗಿರುವವರ ಉತ್ತರ ಹೀಗಿದೆ: ಪರವಾನಗಿಗೆ ಕೊಟ್ಟ ಹಣ ಮರುವರ್ಷ ಮತ್ತೆ ಕೊಡಬೇಕಾದ ಬಾಡಿಗೆ, ತರಬೇತಿಗೆ ಕೊಟ್ಟ ಹಣ ಊರಿನಲ್ಲಿಯೇ, ಊರಿನವರ ತಿಳಿವಳಿಕೆಯಾಗಿ ಉಳಿಯುತ್ತದೆ. ಹತ್ತು ಯಂತ್ರಗಳ ಆ ಸಂಘವು ಮೂರು ವರ್ಷ ವಿಂಡೋಸ್ 10ರ ವಿಸ್ತರಿತ ಅಪ್‌ಡೇಟ್ ಪಡೆದರೆ ಯಂತ್ರವೊಂದಕ್ಕೆ 61, 122, 244 ಎಂದು ಒಟ್ಟು 427 ಡಾಲರ್, ಹತ್ತಕ್ಕೆ 4,270 ಡಾಲರ್ ಕೊಟ್ಟಿರುತ್ತದೆ, ಮತ್ತು ನಾಲ್ಕನೇ ವರ್ಷ ಅದೇ ಹಳೆಯ ಯಂತ್ರಗಳೊಂದಿಗೆ ಇದೇ ಪ್ರಶ್ನೆಯ ಮುಂದೆ ನಿಂತಿರುತ್ತದೆ. ಈ ಲೆಕ್ಕದಲ್ಲಿ ಪರವಾಗಿರುವವರ ಮಾತು ಗೆಲ್ಲುತ್ತದೆ, ಆದರೆ ತರಬೇತಿಗೆ ಹಣವನ್ನು ನಿಜಕ್ಕೂ ಎತ್ತಿಟ್ಟರೆ ಮಾತ್ರ. ಪರವಾನಗಿಯ ಹಣವನ್ನೂ ಉಳಿಸಿ ತರಬೇತಿಯ ಹಣವನ್ನೂ ಉಳಿಸಹೊರಟ ಕಡೆಗಳಲ್ಲಿ ಬದಲಾವಣೆ ಕುಸಿಯುತ್ತದೆ.

ತಲಪಾಡಿಯ ಆಚೆ

ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಮಂಗಳೂರಿನಿಂದ ತಲಪಾಡಿ ದಾಟಿ ಮಂಜೇಶ್ವರಕ್ಕೆ ಕಾಲಿಟ್ಟರೆ ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಶಿಕ್ಷಣ ವ್ಯವಸ್ಥೆಗೆ ಸೇರಿದವು. ಕೇರಳವು 2001ರಲ್ಲಿ ಐಟಿ@ಸ್ಕೂಲ್ ಯೋಜನೆಯನ್ನು ಆರಂಭಿಸಿ, ಮುಂದಿನ ವರ್ಷಗಳಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಲಿನಕ್ಸ್‌ಗೆ ತಂದಿತು. ಈಗ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯು ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್ ಆವೃತ್ತಿಯನ್ನು ಕಾಲಕಾಲಕ್ಕೆ ಬಿಡುಗಡೆ ಮಾಡುತ್ತದೆ. 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಇದನ್ನು ಬಳಸುವುದರಿಂದ ಸುಮಾರು 3,000 ಕೋಟಿ ರೂಪಾಯಿ ಉಳಿದಿದೆ ಎಂದು ಆ ಸಂಸ್ಥೆ 2019ರಲ್ಲಿ ಹೇಳಿಕೊಂಡಿತು.

ಉಳಿತಾಯದ ಅಂಕಿಗಿಂತ ಮುಖ್ಯವಾದದ್ದು ಅವರು ಹಿಡಿದ ಕ್ರಮ. ಅಲ್ಲಿ ತಂತ್ರಾಂಶವನ್ನು ಸಿಡಿಯಲ್ಲಿ ಹಾಕಿ ಶಾಲೆಗೆ ಕಳುಹಿಸಿ ಸುಮ್ಮನಾಗಲಿಲ್ಲ. ಶಿಕ್ಷಕರಿಗೆ ತರಬೇತಿ ಕೊಟ್ಟರು, ಜಿಲ್ಲೆಗೊಂದು ತರಬೇತುದಾರರ ತಂಡವನ್ನು ಇಟ್ಟರು, ಪಠ್ಯವನ್ನೂ ಪರೀಕ್ಷೆಯನ್ನೂ ಅದೇ ತಂತ್ರಾಂಶಕ್ಕೆ ಹೊಂದಿಸಿದರು. ಹೀಗೆ ಇಡೀ ವ್ಯವಸ್ಥೆ ಒಟ್ಟಿಗೆ ಬದಲಾದದ್ದರಿಂದ ಯಾವ ಶಾಲೆಯೂ ಒಂಟಿಯಾಗಲಿಲ್ಲ.

ಜರ್ಮನಿಯ ಮ್ಯೂನಿಕ್ ನಗರ ಇದಕ್ಕೆ ವಿರುದ್ಧವಾದ ಪಾಠ. 2013ರ ವೇಳೆಗೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದಿದ್ದ ಆ ನಗರಾಡಳಿತ, ರಾಜಕೀಯ ನಾಯಕತ್ವ ಬದಲಾದ ನಂತರ 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಈಗ ತನ್ನ 30,000ದಷ್ಟು ನೌಕರರನ್ನು ಮುಕ್ತ ತಂತ್ರಾಂಶಕ್ಕೆ ತರುತ್ತಿದೆ. ಅದು ಆಪರೇಟಿಂಗ್ ಸಿಸ್ಟಂಗೆ ಮೊದಲು ಕೈಹಾಕದೆ, ಕಚೇರಿ ಕಡತಗಳ ತಂತ್ರಾಂಶ ಮತ್ತು ಇಮೇಲ್‌ನಿಂದ ಆರಂಭಿಸಿದೆ. ಇದು ನಮ್ಮವರೂ ಗಮನಿಸಬೇಕಾದ ಕ್ರಮ. ವಿಂಡೋಸ್ ಇರುವ ಯಂತ್ರದಲ್ಲಿಯೇ ಲಿಬ್ರೆ ಆಫೀಸ್, ಯೂನಿಕೋಡ್ ಕನ್ನಡ, ಮುಕ್ತ ಕಡತ ಮಾದರಿಗಳು ರೂಢಿಯಾದರೆ, ಮುಂದೆ ಕೆಳಗಿನ ವ್ಯವಸ್ಥೆಯನ್ನು ಬದಲಿಸುವಾಗ ಬಳಸುವವರಿಗೆ ಅದು ಹೆಚ್ಚು ಗೊತ್ತಾಗುವುದಿಲ್ಲ.

ನಮ್ಮ ಕಾಲೇಜು ಗ್ರಂಥಾಲಯಗಳು ಇಂಥ ಒಂದು ಬದಲಾವಣೆಯನ್ನು ಸದ್ದಿಲ್ಲದೆ ಮಾಡಿವೆ. ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಕೋಹಾ ಎಂಬ ಮುಕ್ತ ತಂತ್ರಾಂಶ ಇಂದು ಭಾರತದ ಅನೇಕ ಕಾಲೇಜುಗಳ ಗ್ರಂಥಾಲಯಗಳನ್ನು ನಡೆಸುತ್ತಿದೆ. ಗ್ರಂಥಪಾಲಕರು ಒಬ್ಬರಿಗೊಬ್ಬರು ಕಲಿಸಿಕೊಂಡರು, ಪುಸ್ತಕಗಳ ಮಾಹಿತಿಗೆ ಜಗತ್ತಿನಾದ್ಯಂತ ಒಪ್ಪಿತವಾದ ಒಂದೇ ಮಾದರಿ ಮೊದಲೇ ಇತ್ತು. ಹೀಗಾಗಿ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಮಾಹಿತಿ ಕಳೆದುಹೋಗುವ ಭಯ ಕಡಿಮೆಯಾಯಿತು.

ನಮ್ಮಲ್ಲಿ ಇರುವುದು, ಮಾಡಬೇಕಾದುದು

ಕೇಂದ್ರ ಸರ್ಕಾರವು ಮುಕ್ತ ತಂತ್ರಾಂಶದ ಅಳವಡಿಕೆಗೆ 2015ರಲ್ಲಿಯೇ ನೀತಿಯೊಂದನ್ನು ಪ್ರಕಟಿಸಿದೆ. ಟೆಂಡರುಗಳಲ್ಲಿ ಮುಕ್ತ ತಂತ್ರಾಂಶವನ್ನು ಪರಿಗಣಿಸಬೇಕು, ಬಿಟ್ಟರೆ ಕಾರಣ ಹೇಳಬೇಕು ಎಂದು ಅದು ತಿಳಿಸುತ್ತದೆ. ನೀತಿಯ ಕೊರತೆಗಿಂತ, ನೀತಿಯನ್ನು ಹಿಡಿದು ಪ್ರಶ್ನೆ ಕೇಳುವವರ ಕೊರತೆ ನಮ್ಮಲ್ಲಿ ದೊಡ್ಡದು.

ಈ ಎರಡು ಜಿಲ್ಲೆಗಳಲ್ಲಿ ಕಲಿತವರ ಕೊರತೆಯಂತೂ ಇಲ್ಲ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ವಿದ್ಯಾಸಂಸ್ಥೆಗಳು, ಅವುಗಳ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಕಂಪ್ಯೂಟರ್ ಪದವೀಧರರು ಹೊರಬರುತ್ತಾರೆ. ಅವರ ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಅಂಕ ಸಿಕ್ಕಿದ ಮರುದಿನ ಮರೆತುಹೋಗುವಂಥವು. ಅದರ ಬದಲು ಈಗಾಗಲೇ ಬಳಕೆಯಲ್ಲಿರುವ ಮುಕ್ತ ತಂತ್ರಾಂಶವೊಂದರ ಕನ್ನಡದ ದೋಷವನ್ನು ಸರಿಪಡಿಸಿ, ಅದರ ನಿರ್ವಾಹಕರು ಒಪ್ಪುವ ಮಟ್ಟಕ್ಕೆ ತಂದರೆ, ವಿದ್ಯಾರ್ಥಿಗೆ ಇನ್ನೊಬ್ಬರು ಬರೆದ ಕೋಡನ್ನು ಓದುವ ಅಭ್ಯಾಸವಾಗುತ್ತದೆ, ಭಾಷೆಗೂ ಲಾಭವಾಗುತ್ತದೆ. ತುಳುವಿನ ವಿಷಯದಲ್ಲಿ ಇದು ಇನ್ನಷ್ಟು ತುರ್ತಿನ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳು ಸೇರಿದವು. ಸಂಕೇತ ಸಿಕ್ಕಿತೆಂದರೆ ಅಕ್ಷರಕ್ಕೆ ವಿಳಾಸ ಸಿಕ್ಕಿದಂತೆ, ಅಷ್ಟೆ. ಫಾಂಟು ಬಿಡಿಸುವವರು, ಕೀಲಿಮಣೆ ರೂಪಿಸುವವರು, ಒತ್ತಕ್ಷರ ಸರಿಯಾಗಿ ಕೂರುತ್ತಿದೆಯೇ ಎಂದು ಪರೀಕ್ಷಿಸಿ ದೋಷ ವರದಿ ಮಾಡುವವರು ಬೇಕು. ಮಾರುಕಟ್ಟೆ ಸಣ್ಣದೆಂದು ದೊಡ್ಡ ಕಂಪನಿಗಳು ಹಿಂದೆ ಸರಿಯಬಹುದಾದ ಇಂಥ ಕೆಲಸಕ್ಕೆ ಮುಕ್ತ ತಂತ್ರಾಂಶವೇ ದಾರಿ, ಮತ್ತು ತುಳು ಬಲ್ಲವರೇ ಅದನ್ನು ಮಾಡಬೇಕು.

ಕಚೇರಿಗಳ ಮಟ್ಟದಲ್ಲಿ ತಕ್ಷಣದ ಪ್ರಶ್ನೆ ಇನ್ನೂ ಸರಳ. ವಿಸ್ತರಿತ ಅಪ್‌ಡೇಟಿನ ಮೊದಲ ವರ್ಷ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ, ಆಮೇಲೆ ದರ 122 ಡಾಲರ್ ಆಗುತ್ತದೆ. ತಡವಾಗಿ ಸೇರುವ ಸಂಸ್ಥೆಗಳು ಕಳೆದ ವರ್ಷದ ದರವನ್ನೂ ಸೇರಿಸಿ ಕೊಡಬೇಕಾಗುತ್ತದೆ. ಸಹಕಾರ ಸಂಘಗಳು ವಾರ್ಷಿಕ ಮಹಾಸಭೆಯನ್ನು ನಡೆಸುವುದು ಸೆಪ್ಟೆಂಬರ್‌ನೊಳಗೆ. ಅಂದರೆ ಬಜೆಟ್ಟಿಗೆ ಒಪ್ಪಿಗೆ ಪಡೆಯುವ ಸಭೆ ಈ ಗಡುವಿಗೆ ಕೆಲವೇ ವಾರ ಮೊದಲು ಬರುತ್ತದೆ. ಎಷ್ಟು ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹ, ಯಾವ ಕಡತಗಳು ಇನ್ನೂ ಹಳೆಯ ಫಾಂಟಿನಲ್ಲಿವೆ, ಯಾವ ಪ್ರಿಂಟರು ಮತ್ತು ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತದೆ, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದವರಿಗೆ ಲಿನಕ್ಸ್ ಬರುತ್ತದೆಯೇ ಎಂಬ ನಾಲ್ಕು ವಿವರಗಳಿರುವ ಒಂದು ಹಾಳೆ ಆ ಸಭೆಯ ಮೇಜಿನ ಮೇಲೆ ಇರಬೇಕಾದರೆ, ಅದನ್ನು ತಯಾರಿಸುವ ಕೆಲಸ ಮಳೆಗಾಲಕ್ಕೆ ಮುಂಚೆಯೇ ಆರಂಭವಾಗಬೇಕು.